ಮರವನ್ನು ತಟ್ಟಿ ಕೇಳುವುದು



ನಾಟಾ ಡಿಪೋದಲ್ಲಿ ಹರಾಜಿಗೆ ಮುಂಚೆ ದಿಮ್ಮಿಗಳ ಸಾಲಿನ ನಡುವೆ ಓಡಾಡುವ ಖರೀದಿದಾರರನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ದಿಮ್ಮಿಯ ಎರಡೂ ತುದಿಗಳನ್ನು ಮೊದಲು ನೋಡುತ್ತಾರೆ. ಬಿರುಕು ಎಷ್ಟು ಆಳಕ್ಕೆ ಇಳಿದಿದೆ, ಗಂಟು ಎಲ್ಲಿದೆ, ಚೇಗು ಎಷ್ಟು ದಪ್ಪವಿದೆ ಎಂದು ಅಂದಾಜು ಮಾಡುತ್ತಾರೆ. ಆಮೇಲೆ ಕೊಡಲಿಯ ಹಿಂಬದಿಯಿಂದಲೋ ಕೈಗೆ ಸಿಕ್ಕ ಕಲ್ಲಿನಿಂದಲೋ ನಾಲ್ಕಾರು ಕಡೆ ತಟ್ಟುತ್ತಾರೆ. ಟಣ್ ಎಂದರೆ ಒಂದು ಬೆಲೆ, ದಬ್ ಎಂದರೆ ಇನ್ನೊಂದು ಬೆಲೆ. ಹಳೆಯ ಮನೆಯ ತೊಲೆ ನೋಡಲು ಬಂದ ಬಡಗಿಯೂ ಇದನ್ನೇ ಮಾಡುತ್ತಾನೆ. ಹಲಸಿನ ಕೊರಡು ಕೊಳ್ಳುವ ವೀಣೆ ಕುಶಲಕರ್ಮಿಯೂ ತಟ್ಟದೆ ಹಣ ಕೊಡುವುದಿಲ್ಲ.

ಈ ತಟ್ಟುವಿಕೆಯಲ್ಲಿ ವಿಜ್ಞಾನವಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದಕ್ಕೊಂದು ಮಿತಿಯೂ ಇದೆ. ಪೊಟರೆ ದೊಡ್ಡದಾಗಿ, ಅದರ ಗೋಡೆ ತೆಳುವಾದ ಮೇಲೆ ಮಾತ್ರ ನಾದದ ವ್ಯತ್ಯಾಸ ಕಿವಿಗೆ ಸ್ಪಷ್ಟವಾಗುತ್ತದೆ. ಲಡ್ಡು ಹಿಡಿಯಲು ಆರಂಭಿಸಿದ ಮರ, ಮೇಲೆ ನುಣ್ಣಗಿದ್ದು ಒಳಗೆ ಕುಂಬಾಗುತ್ತಿರುವ ಮರ, ಕಿವಿಯನ್ನು ಸುಲಭವಾಗಿ ದಾಟಿಹೋಗುತ್ತದೆ. ಕಿವಿಗೆ ಗೊತ್ತಾಗುವ ಹೊತ್ತಿಗೆ ಒಳಗಿನ ಹಾನಿ ಬಹಳ ಮುಂದೆ ಹೋಗಿರುತ್ತದೆ. ಮರದ ಒಳಗಿನ ದೋಷವನ್ನು ಧ್ವನಿಯ ಅಲೆಗಳಿಂದ ಪತ್ತೆ ಮಾಡುವ ಶಾಸ್ತ್ರ ಶುರುವಾಗುವುದು ಈ ಮಿತಿಯಿಂದ ಆಚೆಗೆ. ಅಲ್ಲಿ ಕೇಳುವ ಪ್ರಶ್ನೆಯೇ ಬೇರೆ. ನಾದ ಹೇಗಿದೆ ಎಂದು ಕೇಳುವ ಬದಲು, ಈ ಬದಿ ಕೊಟ್ಟ ಪೆಟ್ಟು ಆ ಬದಿಗೆ ಎಷ್ಟು ಹೊತ್ತಿನಲ್ಲಿ ಮುಟ್ಟಿತು ಎಂದು ಕೇಳುತ್ತಾರೆ.

ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಒಣಗಿದ ತೇಗದಲ್ಲಿ, ಎಳೆಯ ಗುಂಟ, ಅದು 4000 ಮೀಟರಿಗೂ ಹೆಚ್ಚು. ಅದೇ ಮರದಲ್ಲಿ ಎಳೆಗೆ ಅಡ್ಡವಾಗಿ ಸಾಗಿದರೆ ವೇಗ ಸೆಕೆಂಡಿಗೆ 1000ದಿಂದ 2000 ಮೀಟರಿಗೆ ಇಳಿಯುತ್ತದೆ. ಉದ್ದಕ್ಕೆ ಜೋಡಿಸಿದ ಸಣ್ಣ ಕೊಳವೆಗಳ ಕಟ್ಟೇ ಮರವಾದ್ದರಿಂದ, ಕೊಳವೆಯ ಗೋಡೆಯ ಗುಂಟ ಹೋಗುವ ಅಲೆಗೆ ದಾರಿ ಸಲೀಸು. ಅಡ್ಡ ಹೋಗುವ ಅಲೆ ಪ್ರತಿ ಗೋಡೆಯನ್ನೂ ಪ್ರತಿ ಟೊಳ್ಳನ್ನೂ ದಾಟಬೇಕು. ಅಡ್ಡ ದಾರಿಯಲ್ಲೂ ಎರಡು ಬಗೆ: ತೊಗಟೆಯಿಂದ ನಡುಮರದ ಕಡೆಗೆ ಸಾಗುವ ಅಲೆ ಬೇಗ ಹೋಗುತ್ತದೆ, ಬೆಳವಣಿಗೆಯ ಉಂಗುರಗಳ ಗುಂಟ ಸುತ್ತುವ ಅಲೆ ನಿಧಾನ. ಕಬ್ಬಿಣದ ತುಂಡಿನಲ್ಲಿ ಇಂಥ ದಿಕ್ಕಿನ ಭೇದ ಇಲ್ಲದಷ್ಟು ಕಡಿಮೆ. ಲೋಹಕ್ಕಾಗಿ ರೂಪಿಸಿದ ಉಪಕರಣವನ್ನು ಹಾಗೇ ತಂದು ಮರಕ್ಕೆ ಹಿಡಿಯಲಾಗದಿರುವುದಕ್ಕೆ ಇದು ಮೊದಲ ಕಾರಣ.

ಎರಡನೆಯ ಕಾರಣ ಅಲೆಯ ಉದ್ದ. ಲೋಹದೊಳಗಿನ ಬಿರುಕನ್ನು ಶ್ರವಣಾತೀತ ಧ್ವನಿಯಿಂದ ಹುಡುಕಬಹುದೆಂದು ಲೆನಿನ್‌ಗ್ರಾಡಿನ ಸೆರ್ಗೆಯ್ ಸೊಕೊಲೊವ್ 1928ರಲ್ಲಿ ತೋರಿಸಿದರು. ಆ ದಾರಿಯಲ್ಲಿ ಬೆಳೆದ ಲೋಹ ಪರೀಕ್ಷೆಯಲ್ಲಿ ಸೆಕೆಂಡಿಗೆ ಹತ್ತಾರು ಲಕ್ಷ ಕಂಪನಗಳ ಧ್ವನಿ ಬಳಸುತ್ತಾರೆ. ಅಷ್ಟು ಸೂಕ್ಷ್ಮವಾದ ಅಲೆ ಮರದೊಳಗೆ ಬಹಳ ದೂರ ಹೋಗದೆ ಆರಿಹೋಗುತ್ತದೆ. ಮರಕ್ಕೆ ಹೊಂದುವುದು ಸೆಕೆಂಡಿಗೆ ಇಪ್ಪತ್ತು ಸಾವಿರದಿಂದ ಕೆಲವು ಲಕ್ಷದವರೆಗಿನ ಕಂಪನ. ದಪ್ಪನೆಯ ಕಾಂಡಕ್ಕಾದರೆ ಅದಕ್ಕಿಂತಲೂ ಕೆಳಗಿನದು, ಅಂದರೆ ಸುತ್ತಿಗೆಯ ಒಂದು ಪೆಟ್ಟು. 50 ಸಾವಿರ ಕಂಪನದ ಅಲೆ ಸೆಕೆಂಡಿಗೆ 1500 ಮೀಟರ್ ವೇಗದಲ್ಲಿ ಸಾಗಿದರೆ ಅದರ ಉದ್ದ 3 ಸೆಂಟಿಮೀಟರ್. ಅದರ ಅರ್ಧಕ್ಕಿಂತ ಕಿರಿದಾದ ದೋಷ ಆ ಅಲೆಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಒಂದೊಂದೇ ಕೊರೆಹುಳು ಮಾಡಿದ ಪೆನ್ಸಿಲ್ ಗಾತ್ರದ ತೂತು ಹೀಗೆ ತಪ್ಪಿಸಿಕೊಳ್ಳುತ್ತದೆ.

ಅಲೆಯ ವೇಗವನ್ನು ನಿರ್ಧರಿಸುವುದು ಎರಡು ಗುಣಗಳು: ಮರದ ಪೆಡಸುತನ ಮತ್ತು ಅದರ ಸಾಂದ್ರತೆ. ಪೆಡಸುತನವನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ವೇಗ ಸಿಗುತ್ತದೆ. ನಾನು ಇಂದು ಹೇಳಬೇಕೆಂದಿರುವುದರ ತಿರುಳು ಈ ಸಣ್ಣ ಸೂತ್ರದಲ್ಲಿದೆ, ಆದ್ದರಿಂದ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಮರವನ್ನು ತಿನ್ನುವ ಶಿಲೀಂಧ್ರಗಳಲ್ಲಿ ಎರಡು ದೊಡ್ಡ ಗುಂಪುಗಳಿವೆ. ಬಿಳಿ ಕೊಳೆಯ ಶಿಲೀಂಧ್ರಗಳು ಲಿಗ್ನಿನ್ ಸಹಿತ ಎಲ್ಲವನ್ನೂ ಕರಗಿಸುತ್ತವೆ. ಮರ ನಾರುನಾರಾಗಿ ಬೆಳ್ಳಗಾಗುತ್ತದೆ. ಕಂದು ಕೊಳೆಯವು ಸೆಲ್ಯುಲೋಸನ್ನೂ ಅದರ ನಂಟಿನ ಪದಾರ್ಥಗಳನ್ನೂ ತಿಂದು ಲಿಗ್ನಿನ್ನನ್ನು ಹಾಗೇ ಬಿಡುತ್ತವೆ. ಮರ ಕಂದಾಗಿ, ಚೌಕಚೌಕವಾಗಿ ಒಡೆದು, ಬೆರಳಿನಲ್ಲಿ ಪುಡಿಯಾಗುತ್ತದೆ. ಕಂದು ಕೊಳೆಯ ಅಪಾಯವಿರುವುದು ಅದರ ಆರಂಭದಲ್ಲಿ. ಸೆಲ್ಯುಲೋಸಿನ ಉದ್ದನೆಯ ಸರಪಳಿಗಳನ್ನು ಅದು ಮೊದಲೇ ಅಲ್ಲಲ್ಲಿ ಕತ್ತರಿಸಿಹಾಕುತ್ತದೆ, ತಿನ್ನುವುದು ಆಮೇಲೆ. ಹೀಗಾಗಿ ತೂಕ ನೂರಕ್ಕೆ 10ರಷ್ಟೂ ಇಳಿಯುವ ಮುಂಚೆಯೇ ಮರದ ಬಲದ ಬಹುಭಾಗ ಹೋಗಿರಬಹುದು. ತಕ್ಕಡಿಗೆ ಇಟ್ಟರೆ ಗೊತ್ತಾಗದು, ಕಣ್ಣಿಗೆ ಬಣ್ಣ ಸ್ವಲ್ಪ ಕಂದಿದಂತೆ ಕಂಡೀತು ಅಷ್ಟೆ.

ಈಗ ಸೂತ್ರಕ್ಕೆ ಬನ್ನಿ. ಒಂದು ತೊಲೆಯ ತೂಕ ನೂರಕ್ಕೆ 5ರಷ್ಟು ಇಳಿದಿದೆ, ಪೆಡಸುತನ ಅರ್ಧಕ್ಕೆ ಬಂದಿದೆ ಎಂದುಕೊಳ್ಳಿ. ಕ್ಷಕಿರಣದ ಚಿತ್ರ ನೋಡುವುದು ಸಾಂದ್ರತೆಯನ್ನು. ನೂರಕ್ಕೆ ಐದರ ವ್ಯತ್ಯಾಸ ಮರದ ಸಹಜ ಏರಿಳಿತದಲ್ಲೇ ಮುಚ್ಚಿಹೋಗುತ್ತದೆ. ಧ್ವನಿಯ ವೇಗವಾದರೋ ನೂರಕ್ಕೆ 27ರಷ್ಟು ಇಳಿಯುತ್ತದೆ. ಮರದಲ್ಲಿ ಎಷ್ಟು ಪದಾರ್ಥ ಉಳಿದಿದೆ ಎಂಬುದಕ್ಕಿಂತ ಆ ಪದಾರ್ಥ ಒಂದಕ್ಕೊಂದು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದೆ ಎಂಬುದನ್ನು ಧ್ವನಿ ಹೇಳುತ್ತದೆ. ಮನೆಯ ಮಾಡನ್ನು ಹೊತ್ತ ತೊಲೆಯ ವಿಷಯದಲ್ಲಿ ನಮಗೆ ಬೇಕಾದ ಉತ್ತರ ಅದೇ.

ಇದು ಹೊಸ ಅರಿವಲ್ಲ. ಮರಳಿನ ಚಿತ್ರಗಳಿಗೆ ಹೆಸರಾದ ಜರ್ಮನಿಯ ಅರ್ನ್‌ಸ್ಟ್ ಕ್ಲಾಡ್ನಿ ಮರದ ಸಲಾಕೆಗಳನ್ನು ಉದ್ದಕ್ಕೆ ಉಜ್ಜಿ ಮಿಡಿಸಿ, ಆ ಸ್ವರದಿಂದ ಮರದೊಳಗಿನ ಧ್ವನಿವೇಗವನ್ನು ಲೆಕ್ಕ ಹಾಕಿದ್ದರು. ಫ್ರಾನ್ಸಿನಲ್ಲಿ ಶೆವಾಂದಿಯೆ ಮತ್ತು ವರ್ಟ್‌ಹೈಮ್ ಎಂಬಿಬ್ಬರು ವೋಜ್ ಬೆಟ್ಟಸಾಲಿನ ಮರಗಳ ಪೆಡಸುತನವನ್ನು ಅಳೆದು 1848ರಲ್ಲಿ ಪ್ರಕಟಿಸಿದರು. ಅವರ ವಿಧಾನಗಳಲ್ಲಿ ಧ್ವನಿಯೂ ಒಂದು. ಆದರೆ ಇವೆಲ್ಲ ಪ್ರಯೋಗಶಾಲೆಯ ತುಂಡುಗಳು. ನಿಂತ ಮರ, ಕಟ್ಟಿದ ತೊಲೆ, ನೆಟ್ಟ ಕಂಬ ಇವುಗಳ ಹತ್ತಿರ ಹೋಗಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವನ್ನು ಅಳೆಯುವ ಗಡಿಯಾರ ಬೇಕಿತ್ತು. ಅದು ಇಪ್ಪತ್ತನೆಯ ಶತಮಾನದ ಎಲೆಕ್ಟ್ರಾನಿಕ್ಸ್‌ನಿಂದ ಬಂತು. ಮರವನ್ನು ಕೆಡಿಸದೆ ಪರೀಕ್ಷಿಸುವ ವಿದ್ಯೆಯ ಮೊದಲ ಅಂತಾರಾಷ್ಟ್ರೀಯ ವಿಚಾರಗೋಷ್ಠಿ 1963ರಲ್ಲಿ ಅಮೆರಿಕದ ಮ್ಯಾಡಿಸನ್ ನಗರದಲ್ಲಿ, ಅಲ್ಲಿಯ ಅರಣ್ಯ ಉತ್ಪನ್ನ ಪ್ರಯೋಗಾಲಯದಲ್ಲಿ ಸೇರಿತು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಪೆಲೆರಿನ್ ಮತ್ತು ಅವರ ನಂತರ ಮ್ಯಾಡಿಸನ್ನಿನ ರಾಬರ್ಟ್ ರಾಸ್ ಈ ಕೆಲಸವನ್ನು ಸೇತುವೆ, ಹಡಗುಗಳವರೆಗೆ ಒಯ್ದರು. 1797ರಲ್ಲಿ ನೀರಿಗಿಳಿದ ಕಾನ್ಸ್‌ಟಿಟ್ಯೂಷನ್ ಎಂಬ ಯುದ್ಧನೌಕೆಯನ್ನು 1990ರ ದಶಕದಲ್ಲಿ ಬಾಸ್ಟನ್ನಿನ ಒಣ ಗೋದಿಯಲ್ಲಿ ರಿಪೇರಿಗೆ ನಿಲ್ಲಿಸಿದಾಗ ಅದರ ಓಕ್ ಮರದ ಅಂಗಗಳನ್ನು ಹೀಗೆ ಧ್ವನಿ ಹಾಯಿಸಿ ನೋಡಿದರು. ಇನ್ನೂರು ವರ್ಷದ ಹಡಗಿನ ಪಕ್ಕೆಲುಬನ್ನು ಕೊರೆದು ನೋಡಲು ಯಾರಿಗೂ ಮನಸ್ಸು ಬರುವುದಿಲ್ಲ. ಇಂಥ ವಿದ್ಯೆಗೆ ಅದಕ್ಕಿಂತ ತಕ್ಕ ಜಾಗ ಬೇಕಿಲ್ಲ.

ದಿಮ್ಮಿಯ ಉದ್ದಕ್ಕೆ ಅಳೆಯುವುದು ಎಲ್ಲಕ್ಕಿಂತ ಸುಲಭ. ಒಂದು ತುದಿಗೆ ಸುತ್ತಿಗೆಯಿಂದ ಹೊಡೆದರೆ ಅಲೆ ಆ ತುದಿಗೆ ಹೋಗಿ ಮರಳಿ ಬಂದು ಮತ್ತೆ ಹೋಗುತ್ತದೆ, ಆ ಓಡಾಟವೇ ಒಂದು ಸ್ವರವಾಗಿ ಕೇಳಿಸುತ್ತದೆ. 4 ಮೀಟರ್ ಉದ್ದದ ದಿಮ್ಮಿಯಲ್ಲಿ ವೇಗ ಸೆಕೆಂಡಿಗೆ 4000 ಮೀಟರ್ ಇದ್ದರೆ ಆ ಸ್ವರ ಸೆಕೆಂಡಿಗೆ 500 ಕಂಪನದ್ದು, ಅಂದರೆ ಹಾಡುವ ಕಂಠಕ್ಕೆ ಸಲೀಸಾಗಿ ಎಟಕುವ ಸ್ವರ. ನ್ಯೂಜಿಲೆಂಡಿನಲ್ಲಿ ರೇಡಿಯಾಟಾ ಪೈನ್ ದಿಮ್ಮಿಗಳನ್ನು ಈ ತತ್ತ್ವದ ಕೈ ಉಪಕರಣ ಹಿಡಿದು ಬೇರ್ಪಡಿಸುತ್ತಾರೆ. ಪೆಡಸಾದದ್ದು ಕಟ್ಟಡಕ್ಕೆ, ಉಳಿದದ್ದು ಬೇರೆ ಕೆಲಸಕ್ಕೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ 1938ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ, ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿದ್ದು. ಅಲ್ಲಿಯ ವಿಜ್ಞಾನಿಗಳು ನೀಲಗಿರಿಯಂಥ ನೆಡುತೋಪಿನ ಮರಗಳ ಪೆಡಸುತನವನ್ನು ಧ್ವನಿಯಿಂದ ಅಳೆದಿದ್ದಾರೆ. ಅಂದರೆ ವಿದ್ಯೆ ನಮ್ಮ ಬಾಗಿಲಲ್ಲೇ ಇದೆ.

ನಿಂತ ಮರದ ಕಾಂಡಕ್ಕೆ ಅಡ್ಡವಾಗಿ ಅಳೆಯುವುದು ಇದಕ್ಕಿಂತ ಕಷ್ಟ, ಇದಕ್ಕಿಂತ ಸ್ವಾರಸ್ಯಕರ ಕೂಡ. 60 ಸೆಂಟಿಮೀಟರ್ ವ್ಯಾಸದ ಕಾಂಡ ತೆಗೆದುಕೊಳ್ಳೋಣ. ಅಡ್ಡ ವೇಗ ಸೆಕೆಂಡಿಗೆ 1500 ಮೀಟರ್ ಎಂದಿಟ್ಟುಕೊಂಡರೆ ಈ ಬದಿಯಿಂದ ಆ ಬದಿಗೆ ಅಲೆ ಮುಟ್ಟಲು ಬೇಕಾದ ಹೊತ್ತು 400 ಮೈಕ್ರೊಸೆಕೆಂಡ್. ಈಗ ಆ ಕಾಂಡದ ನಟ್ಟನಡುವೆ 30 ಸೆಂಟಿಮೀಟರ್ ವ್ಯಾಸದ ಪೊಟರೆ ಇದೆ ಎನ್ನಿ. ವ್ಯಾಸದ ಅರ್ಧವೇ ಟೊಳ್ಳು. ಹೊತ್ತು ಎಷ್ಟು ಹೆಚ್ಚಾಗುತ್ತದೆ? ಬಹುಪಾಲು ಜನ ಎರಡರಷ್ಟು, ಮೂರರಷ್ಟು ಎಂದು ಊಹಿಸುತ್ತಾರೆ. ಧ್ವನಿ ಟೊಳ್ಳನ್ನು ದಾಟಲು ಹೋಗುವುದಿಲ್ಲ. ಆಚೆ ದಡದ ಊರಿಗೆ ಹೊರಟವನು ಕೆರೆಯ ಏರಿ ಹಿಡಿದು ನಡೆದಂತೆ ಅದು ಗಟ್ಟಿಮರದಲ್ಲೇ ಪೊಟರೆಯ ಅಂಚು ಸವರಿಕೊಂಡು ಸುತ್ತಿ ಹೋಗುತ್ತದೆ. ಲೆಕ್ಕ ಹಾಕಿದರೆ ಆ ಸುತ್ತುದಾರಿ 60ರ ಬದಲು 68 ಸೆಂಟಿಮೀಟರಿಗೆ ಒಂದಿಷ್ಟು ಕಡಿಮೆ. ಹೊತ್ತು 400ರಿಂದ ಸುಮಾರು 450 ಮೈಕ್ರೊಸೆಕೆಂಡಿಗೆ ಏರುತ್ತದೆ. ನೂರಕ್ಕೆ 13ರಷ್ಟೇ ತಡ.

ಒಂದೇ ಜಾತಿಯ ಎರಡು ಆರೋಗ್ಯವಂತ ಮರಗಳ ನಡುವೆಯೇ ಇಷ್ಟು ವ್ಯತ್ಯಾಸ ಇರಬಹುದು. ಹಾಗಾದರೆ ಅರ್ಧ ವ್ಯಾಸ ಟೊಳ್ಳಾದ ಮರವನ್ನು ಒಂದೇ ಅಳತೆ ಸುಲಭವಾಗಿ ಬಿಟ್ಟುಬಿಡಬಹುದು. ಇದನ್ನು ಕೇಳಿ ಈ ವಿಧಾನದ ಮೇಲೆ ಭರವಸೆ ಕಳೆದುಕೊಳ್ಳುವ ಮುನ್ನ ಇನ್ನೊಂದು ಲೆಕ್ಕವನ್ನೂ ನೋಡಬೇಕು. ಆ ಟೊಳ್ಳಿನಿಂದ ಮರ ಕಳೆದುಕೊಂಡ ಬಲ ಎಷ್ಟು? ಗಾಳಿಗೆ ಬಾಗುವ ಕಾಂಡದಲ್ಲಿ ಭಾರ ಹೊರುವುದು ಹೊರಗಿನ ಮರ. ನಡುವಿನದ್ದಕ್ಕೆ ಕೆಲಸ ಕಡಿಮೆ. ಟೊಳ್ಳಿನ ವ್ಯಾಸಕ್ಕೂ ಕಾಂಡದ ವ್ಯಾಸಕ್ಕೂ ಇರುವ ಅನುಪಾತವನ್ನು ನಾಲ್ಕು ಸಲ ಗುಣಿಸಿದರೆ ಕಳೆದುಹೋದ ಬಲದ ಪಾಲು ಸಿಗುತ್ತದೆ. ಅರ್ಧವನ್ನು ನಾಲ್ಕು ಸಲ ಗುಣಿಸಿದರೆ ಹದಿನಾರರಲ್ಲಿ ಒಂದು ಭಾಗ, ಅಂದರೆ ನೂರಕ್ಕೆ ಆರು ಚಿಲ್ಲರೆ. ವ್ಯಾಸದ ಅರ್ಧ ಖಾಲಿಯಾದ ಮರ ತನ್ನ ಬಲದ ನೂರಕ್ಕೆ 94 ಭಾಗ ಉಳಿಸಿಕೊಂಡು ನಿಂತಿದೆ.

ಟೊಳ್ಳು ವ್ಯಾಸದ 10ರಲ್ಲಿ 7 ಭಾಗಕ್ಕೆ ಬೆಳೆದರೆ ಧ್ವನಿಯ ತಡ ನೂರಕ್ಕೆ 26, ಬಲದ ನಷ್ಟ ನೂರಕ್ಕೆ 24. ಹತ್ತರಲ್ಲಿ 8 ಭಾಗಕ್ಕೆ ಬಂದರೆ ತಡ ನೂರಕ್ಕೆ 34, ನಷ್ಟ 41. ಟೊಳ್ಳು ಸರಿಯಾಗಿ ನಡುವೆ ಇದ್ದು, ಅದರ ಗೋಡೆ ಎಲ್ಲೂ ಸೀಳಿರದಿದ್ದರೆ ಮಾತ್ರ ಈ ಅಂಕಿಗಳು ಹೊಂದುತ್ತವೆ; ಒಂದು ಬದಿಗೆ ಸರಿದ ಪೊಟರೆ, ಬಾಯಿ ತೆರೆದ ಪೊಟರೆ ಹೆಚ್ಚು ಅಪಾಯದವು. ಎಲ್ಲ ದಿಕ್ಕಿನಲ್ಲೂ ಒಂದೇ ವೇಗ ಎಂದೂ ನಾನು ಎಣಿಸಿದ್ದೇನೆ. ಸುತ್ತಿ ಹೋಗುವ ಅಲೆ ಉಂಗುರದ ಗುಂಟ ಹೋಗಬೇಕಾದ್ದರಿಂದ, ಆ ದಿಕ್ಕು ಸಹಜವಾಗಿಯೇ ನಿಧಾನವಾದ್ದರಿಂದ, ನಿಜವಾದ ಮರದಲ್ಲಿ ತಡ ಇದಕ್ಕಿಂತ ಹೆಚ್ಚು. ಹಾಗಿದ್ದರೂ ಈ ಎರಡು ಸಾಲು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಪ್ರತಿ ಸಲವೂ ಒಂದು ಸಮಾಧಾನವಾಗುತ್ತದೆ. ಧ್ವನಿ ಯಾವುದನ್ನು ಹಗುರವಾಗಿ ನೋಡುತ್ತದೋ ಅದು ಮರಕ್ಕೂ ಹಗುರವಾದ ಹಾನಿಯೇ. ಮರಕ್ಕೆ ಅಪಾಯ ಬರುವ ಹೊತ್ತಿಗೆ ತಡವೂ ಮರೆಮಾಚಲಾಗದಷ್ಟು ಬೆಳೆದಿರುತ್ತದೆ.

ಜರ್ಮನಿಯ ಕಾರ್ಲ್ಸ್‌ರೂಹದ ಕ್ಲೌಸ್ ಮಾಟ್ಟೆಕ್ ನೂರಾರು ಮರಗಳನ್ನು, ಬಿದ್ದವನ್ನೂ ನಿಂತವನ್ನೂ, ಅಳೆದು ಒಂದು ಗಡಿ ಗುರುತಿಸಿದರು. ಉಳಿದ ಗೋಡೆಯ ದಪ್ಪ ಕಾಂಡದ ತ್ರಿಜ್ಯದ 10ರಲ್ಲಿ 3 ಭಾಗಕ್ಕಿಂತ ಕಡಿಮೆಯಾದರೆ ಮರ ಮುರಿಯುವ ಸಂಭವ ಏರುತ್ತದೆ. ನಮ್ಮ 60 ಸೆಂಟಿಮೀಟರಿನ ಕಾಂಡಕ್ಕೆ ಅದು 9 ಸೆಂಟಿಮೀಟರ್ ಗೋಡೆ. ಈ ಸಂಖ್ಯೆಯನ್ನು ಒಪ್ಪದವರಿದ್ದಾರೆ. ಬಲು ದಪ್ಪನೆಯ ಹಳೆಯ ಮರಗಳು, ತಲೆ ಕಿರಿದಾದ ಮರಗಳು ಇನ್ನೂ ತೆಳುವಾದ ಗೋಡೆಯಲ್ಲೂ ನಿಂತಿವೆ. ನಾನು ಅದನ್ನು ತೀರ್ಪು ಎನ್ನುವುದಿಲ್ಲ, ಎಚ್ಚರಿಕೆಯ ಗೆರೆ ಎನ್ನುತ್ತೇನೆ. ಆದರೆ ಅದು ಎಂಥ ಗೆರೆ ನೋಡಿ: ಹತ್ತರಲ್ಲಿ ಏಳು ಭಾಗ ಟೊಳ್ಳಾಗುವವರೆಗೆ ಮರ ನಿಲ್ಲಬಲ್ಲದು ಎಂದು ಅದು ಹೇಳುತ್ತಿದೆ. ನಮ್ಮ ಊರುಗಳಲ್ಲಿ ಪೊಟರೆ ಕಂಡ ಕೂಡಲೇ ಕೊಡಲಿ ತರುವವರು ಈ ಮಾತನ್ನು ಕೇಳಬೇಕು.

ಒಂದೇ ದಾರಿಯ ಅಳತೆ ಸಾಲದು ಎಂದೆ. ಆದ್ದರಿಂದಲೇ ಹಲವು ದಾರಿಗಳ ಅಳತೆ ಬಂತು. ಕಾಂಡದ ಸುತ್ತ ಒಂದೇ ಎತ್ತರದಲ್ಲಿ ಹತ್ತು ಹನ್ನೆರಡು ಸಣ್ಣ ಮೊಳೆಗಳನ್ನು ತೊಗಟೆ ದಾಟಿ ಮರಕ್ಕೆ ತಾಗುವಷ್ಟೇ ಬಡಿಯುತ್ತಾರೆ. ಪ್ರತಿ ಮೊಳೆಗೂ ಒಂದು ಸಂವೇದಕ. ಒಂದೊಂದನ್ನೇ ಸುತ್ತಿಗೆಯಿಂದ ತಟ್ಟುತ್ತಾ ಬಂದರೆ ಉಳಿದವೆಲ್ಲ ಅಲೆ ಬಂದು ಮುಟ್ಟಿದ ಹೊತ್ತನ್ನು ಬರೆದುಕೊಳ್ಳುತ್ತವೆ. ಹನ್ನೆರಡು ಮೊಳೆಗಳ ನಡುವೆ 66 ದಾರಿಗಳು. ಯಾವ ದಾರಿ ತಡ, ಯಾವುದು ಸಲೀಸು ಎಂಬುದನ್ನು ಒಂದರ ಮೇಲೊಂದು ಹೊಂದಿಸಿ ಕಂಪ್ಯೂಟರು ಕಾಂಡದ ಅಡ್ಡಕೊಯ್ತದ ಬಣ್ಣದ ನಕ್ಷೆ ಬರೆಯುತ್ತದೆ. ಜರ್ಮನಿಯ ರಾಸ್ಟಾಕಿನಲ್ಲಿ ತಯಾರಾದ ಪಿಕಸ್, ಹಂಗೇರಿಯ ಸೊಪ್ರೊನ್‌ನ ಫೆರೆಂಸ್ ಡಿವೋಸ್ ಅವರ ಕೆಲಸದಿಂದ ಬಂದ ಫಾಕಾಪ್ ಇವು ಈ ಬಗೆಯ ಹೆಸರುವಾಸಿ ಉಪಕರಣಗಳು.

ಆ ನಕ್ಷೆಯ ಬಣ್ಣಗಳು ಬಹಳ ಮನವೊಲಿಸುವಂಥವು, ಹಾಗಾಗಿಯೇ ಅದರ ಬಗ್ಗೆ ಎಚ್ಚರ ಬೇಕು. ಅದು ಫೋಟೊ ಅಲ್ಲ, ಹೊತ್ತಿನ ಅಳತೆಗಳಿಂದ ಕಟ್ಟಿದ ಊಹೆ. ಕಾಂಡದೊಳಗೆ ಕೂದಲೆಳೆಯಷ್ಟು ಕಿರಿದಾದ ಒಂದು ಉದ್ದ ಬಿರುಕಿದ್ದರೆ ಅಲೆ ಅದನ್ನೂ ಸುತ್ತಿಯೇ ಹೋಗಬೇಕು. ನಕ್ಷೆಯಲ್ಲಿ ಅದು ದೊಡ್ಡ ಕೊಳೆಯಂತೆ ಹರಡಿ ಕಾಣುತ್ತದೆ. ಹಸಿಮರದ ತೇವ, ತಿರುಚಿದ ಎಳೆ, ಹಳೆಯ ಕೊಂಬೆಯ ಬುಡ ಇವೂ ಅಲೆಯ ದಾರಿ ತಪ್ಪಿಸುತ್ತವೆ. ಒಣಮರದಲ್ಲಿ ತೇವ ನೂರಕ್ಕೆ ಒಂದು ಏರಿದರೆ ವೇಗ ಸುಮಾರು ನೂರಕ್ಕೆ ಒಂದು ಇಳಿಯುತ್ತದೆ. ಮಳೆಗಾಲದಲ್ಲಿ ಅಳೆದ ತೊಲೆಯನ್ನು ಬೇಸಿಗೆಯಲ್ಲಿ ಅಳೆದದ್ದರೊಡನೆ ನೇರವಾಗಿ ಹೋಲಿಸಲಾಗದು. ಅನುಮಾನ ಉಳಿದಾಗ ಬಲ್ಲವರು ನಕ್ಷೆ ತೋರಿಸಿದ ಜಾಗದಲ್ಲಿ ತಂತಿಯಂಥ ಸಪೂರ ಸೂಜಿಯನ್ನು ತಿರುಗಿಸಿ ಒಳಗಿಳಿಸಿ, ಅದಕ್ಕೆ ಸಿಗುವ ಪ್ರತಿರೋಧವನ್ನು ಓದುತ್ತಾರೆ. ಅದರ ತುದಿ 3 ಮಿಲಿಮೀಟರಿನದು.

ಆ ಸೂಜಿಯನ್ನೂ ಮಿತವಾಗಿ ಬಳಸಬೇಕು. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಷೈಗೊ ಸಾವಿರಾರು ಕಾಂಡಗಳನ್ನು ಉದ್ದಕ್ಕೆ ಸೀಳಿ ನೋಡಿ ತೋರಿಸಿದ ಒಂದು ಸಂಗತಿ ಮರಗಳ ಬಗೆಗಿನ ತಿಳಿವಳಿಕೆಯನ್ನೇ ಬದಲಿಸಿತು. ಮರ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ. ಕೊಳೆತ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಅಲ್ಲೇ ಬಂಧಿಸುತ್ತದೆ, ಹೊರಗೆ ಹೊಸ ಮರ ಬೆಳೆಸುತ್ತದೆ. ಪೊಟರೆಯ ಒಳಗೋಡೆ ಎಂದರೆ ಮರ ತಾನೇ ಕಟ್ಟಿಕೊಂಡ ಗಡಿ. ಅದನ್ನು ಕೊರೆದು ದಾಟಿದರೆ ಒಳಗಿನ ಕೊಳೆಗೆ ಹೊರಗಿನ ಹೊಸಮರಕ್ಕೆ ಬರುವ ದಾರಿ ನಾವೇ ಮಾಡಿಕೊಟ್ಟಂತೆ. ಪರೀಕ್ಷೆಯ ಮೊದಲ ಹೆಜ್ಜೆ ಧ್ವನಿಯೇ ಆಗಬೇಕೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಕಾಂಡದ ಪರೀಕ್ಷೆ ಬೇರಿನ ಬಗ್ಗೆ ಏನೂ ಹೇಳುವುದಿಲ್ಲ ಎಂಬುದನ್ನೂ ಮರೆಯಬಾರದು. ಸವಣೂರಿನ ದೊಡ್ಡಹುಣಸೆ ಮಠದ ಮೂರು ಹಳೆಯ ಬಾವೊಬಾಬ್ ಮರಗಳಲ್ಲಿ ಒಂದು 2023ರ ಮಳೆಯಲ್ಲಿ ಬುಡಸಮೇತ ಉರುಳಿತು. ಅದನ್ನು ಮತ್ತೆ ನೆಟ್ಟರು. ಆ ಕೆಲಸಕ್ಕೆ ಕೈಜೋಡಿಸಿದವರೆಲ್ಲರ ಬಗ್ಗೆ ನನಗೆ ಗೌರವವಿದೆ. ಬುಡಸಮೇತ ಉರುಳುವ ಮರದ ಎದೆಮಟ್ಟದಲ್ಲಿ ಎಷ್ಟು ಮೊಳೆ ಬಡಿದು ತಟ್ಟಿದರೂ ಆ ಅಪಾಯ ಕಾಣುವುದಿಲ್ಲ. ಬೆಂಗಳೂರಿನ ರಸ್ತೆಮರಗಳ ವಿಷಯದಲ್ಲಿ ಇದು ಇನ್ನೂ ನಿಜ. ಕೇಬಲ್ಲಿಗೆಂದು, ಚರಂಡಿಗೆಂದು ಅಗೆದಾಗ ಬೇರು ಕಡಿಯುತ್ತಾರೆ, ಬುಡದ ಸುತ್ತ ಕಾಂಕ್ರೀಟು ಸುರಿಯುತ್ತಾರೆ. ಮೇ ತಿಂಗಳ ಮಳೆಗಾಳಿಗೆ ಗುಲ್‌ಮೊಹರು, ಮಳೆಮರಗಳು ಬಿದ್ದಾಗ ಎಲ್ಲರೂ ಬೈಯುವುದು ಮರವನ್ನು. ಬುಡದಲ್ಲಿ ಗಟ್ಟಿ ಅಣಬೆ ಎದ್ದಿದೆಯೇ, ನೆಲ ಬಿರಿದಿದೆಯೇ, ಮರ ಹೊಸದಾಗಿ ವಾಲಿದೆಯೇ ಎಂದು ಕಣ್ಣಿನಿಂದ ನೋಡುವ ಕೆಲಸವನ್ನು ಯಾವ ಉಪಕರಣವೂ ಬಿಡಿಸಲಾರದು.

ತೆಂಗಿನ ಸೀಮೆಯವರಿಗೆ ಎರಡು ಮಾತು. ತೆಂಗು, ಅಡಿಕೆಗಳ ಕಾಂಡದಲ್ಲಿ ಗಟ್ಟಿ ನಾರು ಹೊರಗಡೆ ಒತ್ತಾಗಿರುತ್ತದೆ, ನಡುವೆ ಮೆದು. ಆರೋಗ್ಯವಂತ ತೆಂಗಿನಲ್ಲೂ ನಡುವೆ ಧ್ವನಿ ನಿಧಾನ. ತೇಗದ ಅಳತೆಗೋಲು ಹಿಡಿದರೆ ಎಲ್ಲ ತೆಂಗೂ ರೋಗಿಯೇ. ಕೆಂಪು ಮೂತಿ ಹುಳುವಿನ ವಿಷಯದಲ್ಲಾದರೆ ನಾವು ತಟ್ಟಬೇಕಾಗಿಯೇ ಇಲ್ಲ. ಮರಿಹುಳುಗಳು ಒಳಗೆ ಕಚಕಚ ಎಂದು ನಾರು ಅಗಿಯುವುದನ್ನು ತೋಟಗಾರರು ಕಾಂಡಕ್ಕೆ ಕಿವಿಯಿಟ್ಟೇ ಕೇಳುತ್ತಿದ್ದರು. ಈಗ ಅದೇ ಸದ್ದನ್ನು ಸಂವೇದಕದಿಂದ ಹಿಡಿದು, ಗಾಳಿಯ ಮತ್ತು ಹಕ್ಕಿಯ ಸದ್ದಿನಿಂದ ಬೇರ್ಪಡಿಸುವ ಸಂಶೋಧನೆ ಹಲವು ದೇಶಗಳಲ್ಲಿ ನಡೆದಿದೆ. ಸುಳಿ ವಾಲುವ ಮುಂಚೆ ಹುಳು ಸಿಕ್ಕಿದರೆ ಮರ ಉಳಿಯುತ್ತದೆ. ಆಮೇಲೆ ಸಿಕ್ಕಿದರೆ ಉಳಿಯುವುದು ಕಷ್ಟ.

ಹಳೆಯ ಕಟ್ಟಡಗಳಿಗೆ ಬರುತ್ತೇನೆ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರದು, ಬೆಂಗಳೂರಿನ ಟಿಪ್ಪು ಅರಮನೆ 1791ರಲ್ಲಿ ಮುಗಿದದ್ದು. ಎರಡರಲ್ಲೂ ಭಾರ ಹೊತ್ತಿರುವುದು ಮರದ ಕಂಬಗಳು. ಇವು ಸಂರಕ್ಷಿತ ಸ್ಮಾರಕಗಳು. ಮಲೆನಾಡಿನ, ಕರಾವಳಿಯ ಸಾವಿರಾರು ತೊಟ್ಟಿಮನೆಗಳಿಗೆ, ಊರ ಗುಡಿಗಳಿಗೆ ಅಂಥ ರಕ್ಷಣೆಯಿಲ್ಲ. ಅಲ್ಲಿ ಕೆಡುವ ಜಾಗಗಳು ಗೊತ್ತಿರುವಂಥವೇ: ಗೋಡೆಯೊಳಗೆ ಹುದುಗಿದ ತೊಲೆಯ ತುದಿ, ಹಂಚು ಸೋರುವ ಕಡೆಯ ಪಕಾಸಿ, ನೆಲಕ್ಕೆ ತಾಗಿದ ಕಂಬದ ಕಾಲು. ಗೆದ್ದಲು ತಿಂದ ಕಂಬದಲ್ಲಿ ಬಣ್ಣದ ಪದರವೊಂದೇ ಉಳಿದು ಕಂಬದ ಆಕಾರ ತೋರಿಸುತ್ತಿರಬಹುದು. ಇಂಥ ಮನೆಯನ್ನು ರಿಪೇರಿ ಮಾಡಿಸಹೊರಟವರಿಗೆ ಸಿಗುವ ಸಲಹೆ ಒಂದೇ, ಎಲ್ಲವನ್ನೂ ಬಿಚ್ಚಿ ತಾರಸಿ ಹಾಕಿಸಿ ಎಂದು. ತೊಲೆಯ ಉದ್ದಕ್ಕೆ ಒಂದೊಂದು ಅಡಿಗೂ ಅಡ್ಡವಾಗಿ ಧ್ವನಿಯ ಹೊತ್ತು ಅಳೆಯುತ್ತಾ ಹೋದರೆ, ಎಲ್ಲಿಂದ ಎಲ್ಲಿಯವರೆಗೆ ಕೆಟ್ಟಿದೆ ಎಂದು ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ಮ್ಯಾಡಿಸನ್ನಿನವರ ಕೈಪಿಡಿಯ ಒಂದು ಸೂಚಿ ಇಲ್ಲಿ ಉಪಯುಕ್ತ: ಗಟ್ಟಿಮರಕ್ಕೆ ಬೇಕಾಗುವ ಹೊತ್ತಿಗಿಂತ ನೂರಕ್ಕೆ 30 ಹೆಚ್ಚಾದರೆ ಬಲ ಅರ್ಧಕ್ಕೆ ಇಳಿದಿದೆ ಎಂದು ತಿಳಿಯಬೇಕು, ನೂರಕ್ಕೆ 50 ಹೆಚ್ಚಾದರೆ ತೀವ್ರವಾಗಿ ಕೊಳೆತಿದೆ ಎಂದು. ಎರಡಡಿ ತುದಿ ಕೊಳೆತ ಹದಿನೆಂಟಡಿ ತೊಲೆಗೆ ಬೇಕಾದದ್ದು ಎರಡಡಿಯ ಕಸಿ. ಅದನ್ನು ಮಾಡಬಲ್ಲ ಬಡಗಿಗಳು ಇನ್ನೂ ಇದ್ದಾರೆ.

ಗಟ್ಟಿಮರಕ್ಕೆ ಬೇಕಾಗುವ ಹೊತ್ತು ಎಂದೆನಲ್ಲ, ಈ ಇಡೀ ವಿದ್ಯೆ ನಿಂತಿರುವುದು ಆ ಒಂದು ಅಂಕಿಯ ಮೇಲೆ. ಪುಸ್ತಕಗಳಲ್ಲಿ ಸಿಗುವ ಕೋಷ್ಟಕಗಳಲ್ಲಿ ಓಕ್, ಬೀಚ್, ಪೈನ್, ಡಗ್ಲಸ್ ಫರ್ ಮರಗಳು ಧಾರಾಳವಾಗಿವೆ. ನಮಗೆ ಬೇಕಾದದ್ದು ಮತ್ತಿ, ಹೊನ್ನೆ, ನಂದಿ, ಬೀಟೆ, ಹಲಸು, ಹೆಬ್ಬಲಸು. ರಸ್ತೆಬದಿಗೆ ಮಳೆಮರ, ಹೊಂಗೆ, ಆಲ, ಅತ್ತಿ. ಆಲದ ಕಾಂಡವೆಂದರೆ ಹಲವು ಬಿಳಲುಗಳು ಒಂದಕ್ಕೊಂದು ಬೆಸೆದ ಗುಚ್ಛ. ಅದರೊಳಗೆ ತೊಗಟೆ ಸಿಕ್ಕಿಕೊಂಡಿರುತ್ತದೆ, ಅದಕ್ಕೆ ಯಾವ ಕೋಷ್ಟಕವೂ ಹೊಂದದು. ಅಂಥ ಮರಕ್ಕೆ ಉಳಿದಿರುವುದು ಒಂದೇ ದಾರಿ, ಅದನ್ನು ಅದರ ಹಿಂದಿನ ಅಳತೆಯೊಡನೆಯೇ ಹೋಲಿಸುವುದು.

1976ರ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮದಡಿ ಮರ ಕಡಿಯಲು ಮರ ಅಧಿಕಾರಿಯ ಅನುಮತಿ ಬೇಕು. ಅಪಾಯಕಾರಿ ಎಂಬ ಕಾರಣ ಕೊಟ್ಟು ಬರುವ ಅರ್ಜಿಗಳಲ್ಲಿ ಆ ಅಪಾಯ ಎಷ್ಟೆಂದು ತೋರಿಸುವ ಅಳತೆಯೂ ಜೊತೆಗಿರಬೇಕು ಎಂಬುದು ನನ್ನ ಆಗ್ರಹ. ದೊಡ್ಡ ಊರಿನ ಎಲ್ಲ ಮರಗಳನ್ನೂ ಅಳೆಯುವುದು ಆಗದ ಮಾತು. ಶಾಲೆಯ ಅಂಗಳದ, ಆಸ್ಪತ್ರೆಯ ಬಾಗಿಲಿನ, ಬಸ್ ನಿಲ್ದಾಣದ ಮೇಲೆ ಚಾಚಿದ ಮರಗಳಿಂದ ತೊಡಗಬಹುದು. ಎಂಜಿನಿಯರಿಂಗ್ ಕಾಲೇಜುಗಳೂ ಅರಣ್ಯ ಕಾಲೇಜುಗಳೂ ಜೊತೆಗೂಡಿದರೆ, ಎರಡು ಸಂವೇದಕ, ಒಂದು ಸುತ್ತಿಗೆ, ಒಂದು ಟೈಮರ್ ಇರುವ ಉಪಕರಣವನ್ನು ಇಲ್ಲೇ ಕಟ್ಟಬಹುದು. ಅದರಲ್ಲಿ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ತಿಳಿಯದ ತಂತ್ರವೇನೂ ಇಲ್ಲ. ಪ್ರತಿ ಮರಕ್ಕೂ ಒಂದು ಸಂಖ್ಯೆ, ಅಳೆದ ಎತ್ತರ, ಮೊಳೆ ಬಡಿದ ದಿಕ್ಕು, ದಿನಾಂಕ, ಮೈಕ್ರೊಸೆಕೆಂಡುಗಳು. ಮುಂಗಾರಿಗೆ ಮುಂಚಿನ ಗಾಳಿಮಳೆ ಶುರುವಾಗುವ ಮೊದಲು, ಏಪ್ರಿಲ್ ಆರಂಭದಲ್ಲಿ ಅಳೆದರೆ ಕೊಂಬೆ ಇಳಿಸುವುದಕ್ಕೂ ಆಸರೆ ಕೊಡುವುದಕ್ಕೂ ಸಮಯ ಸಿಗುತ್ತದೆ. ಮರುವರ್ಷ ಅದೇ ತಿಂಗಳು, ಅದೇ ಎತ್ತರದಲ್ಲಿ, ಅದೇ ದಿಕ್ಕಿನಲ್ಲಿ ಮತ್ತೆ ಅಳೆಯಬೇಕು. ಆಗ 412 ಇದ್ದದ್ದು 415 ಆಗಿದ್ದರೆ ಆ ಮರವನ್ನು ಅದರ ಪಾಡಿಗೆ ಬಿಡಬಹುದು, 470 ಆಗಿದ್ದರೆ ಹನ್ನೆರಡು ಮೊಳೆಗಳ ಪರೀಕ್ಷೆಗೆ ಕಳಿಸಬೇಕು.